ರಬ್ಬರು ಕಚ್ಚುವ ಜಾಗ

ಸೊಂಟ ಹೋದ ಮೇಲೆ ನಾನು ಮಿಷನ್ ಮಾರಲು ನಿಂತೆ. ಅದಕ್ಕೆ ಮುಂಚೆ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದೆ. ಒಂದು ದಿನ ಮೂಟೆ ಬೆನ್ನ ಮೇಲಿದ್ದಾಗಲೇ ಲಾರಿಯ ಹಲಗೆ ಜಾರಿತು. ನಾನು ಬೀಳಲಿಲ್ಲ. ಬಿದ್ದಿದ್ದರೆ ಮೊಣಕಾಲು ತರಚಿ ಹೋಗುತ್ತಿತ್ತು, ಅಷ್ಟೆ. ಬೀಳಬಾರದೆಂದು ಹೆಣಗಿದ್ದಕ್ಕೆ ಸೊಂಟ ತಿರುಚಿಕೊಂಡಿತು. ಹಾಸನದ ಡಾಕ್ಟರು ಎಕ್ಸ್‌ರೇ ಫಿಲಂ ಬೆಳಕಿಗೆ ಹಿಡಿದು ನೋಡಿ, "ಇನ್ಮೇಲೆ ಒಂದು ಬಿಂದಿಗೆ ನೀರೂ ಎತ್ತಬಾರದು. ಎತ್ತಿದ್ರೆ ಕಾಲು ಎಳ್ಕೊಂಡು ಓಡಾಡ್ತೀಯ" ಅಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಭಾರ ಎತ್ತುವುದು ಬಿಟ್ಟು ಬೇರೆ ಕೆಲಸವನ್ನು ಯಾರೂ ನನಗೆ ಕೊಟ್ಟಿರಲಿಲ್ಲ.

ನನ್ನ ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವಳ ಹತ್ತಿರ ಹೊಲಿಸುವ ಒಬ್ಬರ ಕಡೆಯಿಂದ ತುಮಕೂರಿನ ಡೀಲರ್ ಒಬ್ಬರು ಗೊತ್ತಾದರು. ತೆಂಗಿನಕಾಯಿ ತುರಿಯುವ ಮಿಷನ್ ಅವರದು. ಕೆಳಗೆ ರಬ್ಬರಿನ ಬಟ್ಟಲಿರುತ್ತದೆ. ಅಡುಗೆ ಕಟ್ಟೆಯ ಮೇಲಿಟ್ಟು ಪಕ್ಕದ ಕಡ್ಡಿ ಒತ್ತಿದರೆ ರಬ್ಬರು ಕಟ್ಟೆಯನ್ನು ಕಚ್ಚಿಕೊಳ್ಳುತ್ತದೆ. ಕಾಯಿಯ ಹೋಳನ್ನು ಬ್ಲೇಡಿಗೆ ಒತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿದರೆ ತುರಿ ತಟ್ಟೆಗೆ ಬೀಳುತ್ತದೆ. ತುರಿಮಣೆ ಮೇಲೆ ಕೂರುವ ಕಷ್ಟವಿಲ್ಲ, ಕರೆಂಟೂ ಬೇಡ. ಡಬ್ಬವೂ ಹಗುರ. ಒಂದು ಕೈಯಲ್ಲಿ ಎರಡು ಹಿಡಿಯಬಹುದು. ಆ ಹಗುರ ನೋಡಿಯೇ ನಾನು ಒಪ್ಪಿಕೊಂಡೆ.

ಡೀಲರ್ ಒಂದು ಹಗುರದ ಮಡಚುವ ಟೇಬಲ್, ಒಂದು ದೊಡ್ಡ ಛತ್ರಿ, ಒಂದು ಬ್ಯಾನರ್, ಮಿಷನ್ನಿನ ಡಬ್ಬಗಳನ್ನು ಮನೆ ತನಕ ತಂದು ಇಳಿಸಿದರು.

"ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ನಿಂದೇ ಏರಿಯಾ. ಎಲ್ಲಿ ಜನ ಸೇರ್ತಾರೋ ಅಲ್ಲಿ ಟೇಬಲ್ ಹಾಕು. ಜಾಗ ಹುಡ್ಕೋದು ನಿನ್ ತಲೆನೋವು" ಅಂದರು.

"ಮಾರ್ದೆ ಇದ್ರೆ ಸಾರ್?"

"ಸಂಕ್ರಾಂತಿ ಒಳಗೆ ಡಬ್ಬ ಖಾಲಿ ಆಗ್ಬೇಕು. ಇಲ್ಲಾಂದ್ರೆ ಟೇಬಲ್ ಎತ್ಕೊಂಡು ಹೋಗಿ ತಿಪಟೂರಿನ ಹುಡುಗಂಗೆ ಕೊಡ್ತೀನಿ. ಬೇಜಾರ್ ಮಾಡ್ಕೋಬಾರ್ದು ಗುರು."

ಅವರು ಕೆಟ್ಟವರಲ್ಲ. ಮೊದಲೇ ಹೇಳಿದರು. ಟೇಬಲ್ ಹೋದರೆ ನನಗೆ ಮಾಡಲು ಏನೂ ಉಳಿಯುವುದಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಜನ ಸೇರುವ ಜಾಗ ಅಂದರೆ ಯಾರಾದರೂ ಬೇಲೂರು ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡೆ. ಶಾಲೆಗಳು ಪ್ರವಾಸ ಹೊರಡುವ ಕಾಲ. ದೇವಸ್ಥಾನದ ಬೀದಿ ತುಂಬ ಬಸ್ಸುಗಳು. ಬೀದಿಯ ಕೊನೆಯಲ್ಲಿ, ಕಡಲೆಕಾಯಿ ಹುರಿಯುವ ಹೆಂಗಸೊಬ್ಬಳ ಗಾಡಿ ಪಕ್ಕ ಟೇಬಲ್ ಹಾಕಿದೆ. ಕಾಯಿ ಒಡೆದೆ, ತುರಿದೆ, ಕೂಗಿದೆ. ಜನ ಬಂದರು. ಶಾಲೆ ಮಕ್ಕಳು ಸಾಲಾಗಿ ಬಂದು ಅಂಗೈ ಚಾಚಿದರು. ತುರಿದದ್ದೆಲ್ಲ ಅವರ ಬಾಯಿಗೆ ಹೋಯಿತು. ಟೋಪಿ ಹಾಕಿಕೊಂಡ ಒಬ್ಬರು, "ಇದು ಜ್ಯೂಸ್ ಮಿಷನ್ನಾ?" ಎಂದು ಕೇಳಿ, ಅಲ್ಲ ಅಂದಿದ್ದಕ್ಕೆ ಬೇಸರ ಮಾಡಿಕೊಂಡು ಹೋದರು. ಇನ್ನೊಬ್ಬರು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಒಂದು ಡಬ್ಬವೂ ಹೋಗಲಿಲ್ಲ.

ಸಂಜೆ ಹೊತ್ತಿಗೆ ಕಡಲೆಕಾಯಿ ಹೆಂಗಸು ನನ್ನ ಮುಖ ನೋಡಿ ಒಂದು ಪೊಟ್ಟಣ ಕೊಟ್ಟಳು.

"ಬಸ್ಸಲ್ ಬಂದೋರು ತಿನ್ನೋದ್ ತಗೋತಾರೆ ಕಣಪ್ಪ, ಹೊರೋದ್ ತಗಳಲ್ಲ" ಅಂದಳು. "ಅವ್ರ ಅಡ್ಗೆಮನೆ ಎಲ್ಲೋ ಐತೆ. ಇಲ್ಲಿ ನಿಂತ್ಕಂಡು ಅವ್ರಿಗೆ ಕಾಯಿ ಗ್ಯಾನ ಎಲ್ ಬತ್ತದೆ?"

ಸರಿ, ಅಡುಗೆಮನೆ ಹತ್ತಿರ ಇರುವವರು ಬೇಕು. ಅವರು ಸಿಗುವುದು ನಮ್ಮೂರ ಸಂತೆಯಲ್ಲಿ. ಮುಂದಿನ ಸಂತೆಗೆ ಅರಸೀಕೆರೆಯಲ್ಲೇ, ಸೊಪ್ಪು ಮಾರುವವರ ಸಾಲಿನ ತುದಿಯಲ್ಲಿ ಟೇಬಲ್ ಹಾಕಿದೆ. ಅವತ್ತು ನನಗೆ ನಂಬಲಿಕ್ಕೆ ಆಗಲಿಲ್ಲ. ಹೆಂಗಸರು ಚೀಲ ಕೆಳಗಿಟ್ಟು ನಿಂತರು. ತಾವೇ ಹ್ಯಾಂಡಲ್ ತಿರುಗಿಸಿ ನೋಡಿದರು. ತೆಂಗಿನ ಸೀಮೆಯ ಹೆಂಗಸರಿಗೆ ಕಾಯಿ ತುರಿಯುವುದು ದಿನಾ ಇದ್ದಿದ್ದೇ. ಒಬ್ಬಳು ತಗೊಂಡಳು, ಅವಳನ್ನು ನೋಡಿ ಅವಳ ನಾದಿನಿ ತಗೊಂಡಳು. ಮಧ್ಯಾಹ್ನದೊಳಗೆ ತಂದಿದ್ದ ಡಬ್ಬಗಳೆಲ್ಲ ಮುಗಿದು, ಹೆಂಡತಿಗೆ ಫೋನ್ ಮಾಡಿ ಇನ್ನಷ್ಟು ತರಿಸಿದೆ. ಮನೆಗೆ ಹೋಗುವಾಗ ಕೋಳಿ ತಗೊಂಡು ಹೋದೆ. ಡೀಲರಿಗೆ ಫೋನ್ ಮಾಡಿ, "ಸಂಕ್ರಾಂತಿವರ್ಗೂ ಯಾಕೆ ಸಾರ್, ಮುಂದಿನ್ ತಿಂಗ್ಳೇ ಬನ್ನಿ" ಅಂದೆ. ಆ ಮಾತು ಆಡಬಾರದಿತ್ತು.

ಮುಂದಿನ ಸಂತೆಗೆ ಟೇಬಲ್ ಬಿಚ್ಚುವ ಮೊದಲೇ ತಗೊಂಡ ಹೆಂಗಸರು ಬಂದು ನಿಂತಿದ್ದರು. ಹೋದ ವಾರದ ಅದೇ ಮುಖಗಳು. ತರಕಾರಿ ಚೀಲದೊಳಗೆ ನನ್ನ ಡಬ್ಬ.

"ಏನಪ್ಪ, ನಿನ್ ಮಿಷನ್ನು ನಮ್ ಕಟ್ಟೆ ಮೇಲೆ ಕುಣೀತೈತೆ" ಅಂದಳು ಮುಂದಿದ್ದವಳು. "ಕಾಯಿ ತುರೀಬೇಕೋ, ಅದನ್ನ ಹಿಡ್ಕಂಡು ಕೂರ್ಬೇಕೋ?"

"ಕಡ್ಡಿ ಸರಿಯಾಗಿ ಒತ್ತಿಲ್ಲ ನೀವು" ಅಂದೆ.

"ನನ್ ಗಂಡ ಒತ್ತಿದ, ನನ್ ಮೈದ್ನ ಒತ್ತಿದ. ಇನ್ನು ನೀನೇ ಬಂದು ಒತ್ತು."

ಸಾಲು ನಿಂತವರೆಲ್ಲ ನಕ್ಕರು. ನಾನು ಡಬ್ಬ ಬದಲಾಯಿಸಿ ಕೊಟ್ಟೆ. ಬದಲಾಯಿಸಿದ್ದೂ ಅದರ ಮುಂದಿನ ವಾರ ವಾಪಸ್ ಬಂತು. ಅವರ ದುಡ್ಡನ್ನು ನಾನು ಆಗಲೇ ಡೀಲರಿಗೆ ಕಟ್ಟಿದ್ದೆ. ಆಮೇಲೆ ನಮ್ಮೂರ ಸಂತೆಯಲ್ಲಿ ನಾನು ಟೇಬಲ್ ಹಾಕಲಿಲ್ಲ. ಸೊಪ್ಪು ತರಲೂ ಹೋಗಲಿಲ್ಲ. ಹೆಂಡತಿಯನ್ನೇ ಕಳಿಸಿದೆ.

ನಮ್ಮ ಮನೆಯಲ್ಲಿ ಆ ಮಿಷನ್ನನ್ನು ಒಂದು ದಿನವೂ ಇಟ್ಟು ನೋಡಿರಲಿಲ್ಲ. ಮಾರುವ ಸಾಮಾನು, ಡಬ್ಬ ಒಡೆಯಬಾರದೆಂದು ಬಿಟ್ಟಿದ್ದೆ. ಅವತ್ತು ಹೆಂಡತಿ ವಾಪಸ್ ಬಂದದ್ದರಲ್ಲಿ ಒಂದನ್ನು ತೆಗೆದು ಅಡುಗೆ ಕಟ್ಟೆ ಮೇಲಿಟ್ಟಳು. ಕಡ್ಡಿ ಒತ್ತಿದಳು. ಕಚ್ಚಿದಂತೆ ಮಾಡಿತು. ಹ್ಯಾಂಡಲ್ ತಿರುಗಿಸಿದಳು. ಮಿಷನ್ನು ಕಟ್ಟೆ ಮೇಲೆ ಒಂದು ಸುತ್ತು ಹಾಕಿ ಉಪ್ಪಿನ ಡಬ್ಬಿಗೆ ಹೋಗಿ ಗುದ್ದಿತು. ಅವಳು ರಬ್ಬರಿಗೆ ನೀರು ಸವರಿದಳು. ಎಣ್ಣೆ ಸವರಿದಳು. ಹಿಡಿದು ನಿಲ್ಲಲಿಲ್ಲ.

"ನಿಮ್ ಟೇಬಲ್ ಮೇಲೆ ಏನ್ ಹಾಕವ್ರೆ?" ಅಂತ ಕೇಳಿದಳು.

"ಸನ್‌ಮೈಕಾ."

"ಅದು ಕನ್ನಡಿ ತರ ಐತೆ, ಅದಕ್ಕೇ ಕಚ್ತೈತೆ. ಇದು ಕಡಪ ಕಲ್ಲು, ಅದೂ ಪಾಲಿಶ್ ಇಲ್ದೇ ಇರೋದು. ಇದ್ರಲ್ಲಿರೋ ತರಿಗೆ ಗಾಳಿ ಒಳಗೋಗ್ತದೆ. ನಮ್ ಬೀದೀಲಿ ನುಣ್ಣಗಿರೋ ಕಟ್ಟೆ ಯಾರ್ ಮನೇಲೈತೆ ಹೇಳಿ?"

"ಮೇಷ್ಟ್ರ ಮನೇಲಿ."

"ಮೇಷ್ಟ್ರ ಹೆಂಡ್ತಿ ಹತ್ರ ಮಿಕ್ಸಿ ಐತೆ" ಅಂದು ಅವಳು ತುರಿಮಣೆ ಎಳೆದುಕೊಂಡು ಕುಳಿತಳು.

ಅವಳು ತುರಿಯುವ ಸದ್ದು ಕೇಳುತ್ತಾ ನಾನು ಗೋಡೆಗೆ ಒರಗಿ ಕೂತಿದ್ದೆ. ಉಳಿದ ಡಬ್ಬಗಳು ಮಂಚದ ಕೆಳಗಿದ್ದವು. ವಾಪಸ್ ಬಂದವು ಬೇರೆ. ಜನ ಎಷ್ಟು ಸೇರುತ್ತಾರೆ ಅನ್ನುವ ಲೆಕ್ಕ ಅಲ್ಲಿಗೆ ಮುಗಿಯಿತು. ಯಾರ ಮನೆಯಲ್ಲಿ ನುಣ್ಣನೆಯ ಗ್ರಾನೈಟ್ ಕಟ್ಟೆ ಇದೆ, ಅವರೆಲ್ಲ ಒಟ್ಟಿಗೆ ಎಲ್ಲಿ ಸೇರುತ್ತಾರೆ, ಇದೊಂದೇ ತಲೆಯಲ್ಲಿ ಕೂತಿತು. ಬಸ್ಸಿನಲ್ಲಿ ಹೋಗುವಾಗ ಮನೆಗಳನ್ನು ನೋಡುತ್ತಿದ್ದೆ. ಹೊರಗೆ ಬಣ್ಣ ಚೆನ್ನಾಗಿದ್ದರೆ ಒಳಗೆ ಕಟ್ಟೆ ಹೇಗಿರಬಹುದು ಎಂದು ಯೋಚಿಸುತ್ತಿದ್ದೆ. ತಲೆ ಕೆಟ್ಟವನ ಹಾಗೆ.

ಡೀಲರ್ ಫೋನ್ ಮಾಡಿ, "ಬಿಕ್ಕೋಡು ಕಡೆ ಹೋಗು. ಕಾಫಿ ಎಸ್ಟೇಟಿನ ಆಳುಗಳಿಗೆ ಕೂಲಿ ಬಟವಾಡೆ ಆದ ದಿನ ಜನ ಮುರ್ಕೊಂಡು ಬೀಳ್ತಾರೆ" ಅಂದರು. ನಾನು ಹೋಗಲಿಲ್ಲ. ಎಸ್ಟೇಟ್ ಆಳುಗಳ ಲೈನ್ ಮನೆಗಳಲ್ಲಿ ತರಿ ಸಿಮೆಂಟ್ ಕಟ್ಟೆ. ಒಂದು ದಿನದ ಮಟ್ಟಿಗೆ ಮಾರಬಹುದಿತ್ತು. ಮುಂದಿನ ವಾರ ಆ ದಾರಿಯ ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಕೂರಬೇಕಾಗುತ್ತಿತ್ತು. ಅರಸೀಕೆರೆಯಲ್ಲಿ ಆಗಲೇ ಮಿಷನ್ ತಗೊಂಡವರ ಬೀದಿ ತಪ್ಪಿಸಿ ಬೇರೆ ಬೀದಿಯಲ್ಲಿ ಓಡಾಡುತ್ತಿದ್ದೆ. ಇನ್ನೊಂದು ಊರು ಬೇಡ ಅನ್ನಿಸಿತು.

ಗ್ರಾನೈಟ್ ಇರುವುದು ಹೊಸ ಮನೆಗಳಲ್ಲಿ. ಹೊಸ ಮನೆ ಅಂದರೆ ಗೃಹಪ್ರವೇಶ. ಹಾಗಂತ ಲೆಕ್ಕ ಹಾಕಿಕೊಂಡು ಡಬ್ಬ ಹಿಡಿದು ಬೇಲೂರು ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಶಾಮಿಯಾನ ಹುಡುಕುತ್ತಾ ಹೋದೆ. ಮಾದಿಹಳ್ಳಿಯಲ್ಲಿ ಒಂದು ಕಂಡಿತು. ತಾರಸಿ ಮನೆ, ಹೊಸ ಸುಣ್ಣ, ಮುಂದೆ ದೊಡ್ಡ ಶಾಮಿಯಾನ, ಕುರ್ಚಿಗಳು, ಕಾರುಗಳು. ಇಳಿದೆ. ರಸ್ತೆಯ ಈಚೆ ಟೇಬಲ್ ಬಿಚ್ಚಿ, ಬ್ಯಾನರ್ ಕಟ್ಟಿ, ಕಾಯಿ ಒಡೆದು, "ಬನ್ನಿ ಅಕ್ಕ, ಬನ್ನಿ ಅಮ್ಮ, ಹೊಸ ಮನೆಗೆ ಹೊಸ ಮಿಷನ್ನು" ಎಂದು ಕೂಗಿದೆ. ಶಾಮಿಯಾನದ ಒಳಗಿಂದ ಎಲ್ಲರೂ ತಿರುಗಿ ನೋಡಿದರು. ನಾನು ಇನ್ನೊಂದು ಸಲ ಕೂಗಿದೆ.

ತಲೆ ಬೋಳಿಸಿದ್ದ ಒಬ್ಬರು ರಸ್ತೆ ದಾಟಿ ಬಂದರು. ಆಗ ನನಗೆ ಹೊಳೆಯಿತು. ತಲೆ ನೋಡಿದ ಮೇಲೆ.

"ಇವತ್ತು ನಮ್ಮಪ್ಪಂದು ತಿಥಿ ಕಣಪ್ಪ" ಅಂದರು ಮೆಲ್ಲಗೆ. "ಊಟ ಮಾಡ್ಕಂಡು ಹೋಗು. ಇದನ್ನ ಮಡಚು."

ಬೈದಿದ್ದರೆ ಚೆನ್ನಾಗಿತ್ತು. ನಾನು ಮಡಚಿದೆ. ಅವರು ಬಿಡಲಿಲ್ಲ, ಎಲೆ ಮುಂದೆ ಕೂರಿಸಿದರು. ತಲೆ ತಗ್ಗಿಸಿ ಕೂತಿದ್ದರಿಂದ ಎದುರಿನ ಕುರ್ಚಿಯ ಬೆನ್ನು ಮಾತ್ರ ಕಾಣುತ್ತಿತ್ತು. ಅದರ ಮೇಲೆ ಬೇಲೂರಿನ ಶಾಮಿಯಾನ ಅಂಗಡಿಯ ಹೆಸರು ಬಣ್ಣದಲ್ಲಿ ಬರೆದಿತ್ತು. ಯಾವ ಮನೆಯಲ್ಲಿ ಏನು ಕಾರ್ಯ, ಎಷ್ಟು ಜನ, ಯಾವ ದಿನ, ಇದೆಲ್ಲ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಕುರ್ಚಿ ಬಾಡಿಗೆಗೆ ಕೊಡುವವನಿಗೆ. ಅಷ್ಟು ದಿನ ಇದು ನನ್ನ ತಲೆಗೆ ಬಂದಿರಲಿಲ್ಲ. ಕೈ ತೊಳೆದು ಅಲ್ಲಿಂದಲೇ ಬೇಲೂರಿಗೆ ಹೋದೆ.

ಶಾಮಿಯಾನ ಅಂಗಡಿಯವನು ಪಾತ್ರೆಗಳ ನಡುವೆ ಕೂತು ಸೌಟು ಎಣಿಸುತ್ತಿದ್ದ. ನನ್ನ ಕೈಯಲ್ಲಿದ್ದ ಬ್ಯಾನರ್ ನೋಡಿದವನೇ ಕೇಳಿದ:

"ಏನ್ಲಾ, ತಿಥಿ ಮನೆ ಮುಂದೆ ಮಿಷನ್ ತಿರುಗಿಸ್ದೋನು ನೀನೇ ಏನ್ಲಾ?"

ನಾನು ಬರುವ ಮುಂಚೆಯೇ ಸುದ್ದಿ ಬಂದಿತ್ತು. ಹೂಂ ಅಂದೆ. ಅವನು ಕೆಮ್ಮು ಬರುವ ತನಕ ನಕ್ಕ. ನಕ್ಕು ಮುಗಿದ ಮೇಲೆ ಕೂರಲು ಒಂದು ಕೊಳಗ ಬೋರಲು ಹಾಕಿ ಕೊಟ್ಟ. ನಾನು ಸುಳ್ಳು ಹೇಳಲಿಲ್ಲ. ಸೊಂಟದ್ದು, ಸಂತೆಯದ್ದು, ಸಂಕ್ರಾಂತಿಯದ್ದು ಎಲ್ಲ ಹೇಳಿದೆ.

"ಒಳ್ಳೆ ಅನುಕೂಲಸ್ಥರ ಮನೆ ಕಾರ್ಯ ಯಾವ್ದಾದ್ರೂ ಇದ್ರೆ ಹೇಳಣ್ಣ. ಒಂದ್ ಮೂಲೇಲಿ ನಿಂತ್ಕತೀನಿ."

"ಹಳೇಬೀಡಲ್ಲಿ ಬಸದಿ ಹತ್ರ ಜೈನರ ಮನೆಯೋರು ಪೂಜೆ ಇಟ್ಕಂಡವ್ರೆ. ಎರಡ್ ದಿನ. ಹಾಸನದಿಂದೆಲ್ಲ ನೆಂಟ್ರು ಬತ್ತಾರೆ. ಮೊದಲ್ನೇ ದಿನ ಸಾಯಂಕಾಲದ ಊಟ ಜೋರು."

"ಅವ್ರ ಅಡ್ಗೆಮನೆ ಹೆಂಗೈತಣ್ಣ?"

"ಯಾಕ್ಲಾ, ಹೆಣ್ ನೋಡಕ್ಕೆ ಹೋಯ್ತಿದೀಯಾ?"

"ಕಟ್ಟೆ ಗ್ರಾನೈಟಾ ಅಂತ."

"ತೋಟ ಐತೆ, ಅಂಗಡಿ ಐತೆ, ಕಾರೈತೆ. ಕಟ್ಟೆ ಗ್ರಾನೈಟ್ ಇಲ್ದೆ ಮಣ್ಣಿಂದಿರ್ತದಾ? ಹೋಗು, ನನ್ ಹೆಸರೇಳು. ಊಟದ ಪಂಡಾಲ್ ಬಾಗ್ಲತ್ರ ನಿಲ್ಲಕ್ಕೆ ಜಾಗ ಕೊಡ್ತಾರೆ."

ಸಂಕ್ರಾಂತಿಯೊಳಗೆ ಅದೊಂದೇ ದೊಡ್ಡ ಕಾರ್ಯ ಉಳಿದಿತ್ತು. ಅದಾದ ಮೇಲೆ ಧನುರ್ಮಾಸ, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೆಂಡತಿ ಡಬ್ಬಗಳನ್ನು ಒರೆಸಿ, ವಾಪಸ್ ಬಂದವುಗಳಿಗೆ ಹೊಸದಾಗಿ ಟೇಪ್ ಹಾಕಿದಳು. ಸಂಜೆ ಊಟ ಅಂದಿದ್ದರಿಂದ ಬ್ಯಾಟರಿಯ ಬಲ್ಬೊಂದನ್ನು ಬಾಡಿಗೆಗೆ ತಂದೆ. ನಾನು ಮಂಡಿಯಲ್ಲಿ ಕಂಡಂತೆ ದೊಡ್ಡವರ ಮನೆ ರಾತ್ರಿ ಊಟ ಎಂಟಕ್ಕೆ ಶುರುವಾಗಿ ಹನ್ನೊಂದರ ತನಕ ನಡೆಯುತ್ತದೆ. ಜನ ಮೆಲ್ಲಗೆ ಬರುತ್ತಾರೆ, ಉಂಡು ನಿಧಾನಕ್ಕೆ ನಿಲ್ಲುತ್ತಾರೆ, ಎಲೆ ಅಡಿಕೆ ಹಾಕಿಕೊಳ್ಳುತ್ತಾ ನೋಡುತ್ತಾರೆ. ಅದಕ್ಕೆ ಸರಿಯಾಗಿ ಜಾವಗಲ್ ಮೇಲೆ ಹೋಗುವ ಸಂಜೆ ಬಸ್ಸು ಹಿಡಿದೆ.

ಹಳೇಬೀಡಿನಲ್ಲಿ ಇಳಿದಾಗ ಕೆರೆಯ ಆಚೆ ಹೊತ್ತು ಮುಳುಗುತ್ತಿತ್ತು. ಬಸದಿ ಕಡೆಗೆ ಆಟೋದಲ್ಲಿ ಹೋದೆ. ಎದುರಿನಿಂದ ಕಾರುಗಳು ಬರುತ್ತಿದ್ದವು, ಒಂದರ ಹಿಂದೆ ಒಂದು. ರೇಷ್ಮೆ ಸೀರೆ ಉಟ್ಟ ಹೆಂಗಸರು ಕಾರಿನೊಳಗೆ. ಇವರೆಲ್ಲ ಊಟದ ಹೊತ್ತಿಗೆ ವಾಪಸ್ ಬರುತ್ತಾರೆ ಅಂದುಕೊಂಡೆ. ಪಂಡಾಲಿನ ಬಾಗಿಲಲ್ಲಿ ಶಾಮಿಯಾನದವನ ಹೆಸರು ಹೇಳಿದೆ. ಯಾರೂ ಬೇಡ ಅನ್ನಲಿಲ್ಲ. ಟೇಬಲ್ ಬಿಚ್ಚಿ, ಡಬ್ಬಗಳನ್ನು ಜೋಡಿಸಿ, ಬ್ಯಾನರ್ ಕಟ್ಟಿ, ಬಲ್ಬು ಹಚ್ಚಿದೆ. ಒಂದು ಕಾಯಿ ತುರಿದು ತಟ್ಟೆಯಲ್ಲಿ ಗುಡ್ಡೆ ಮಾಡಿ ಇಟ್ಟೆ. ಆಮೇಲೆ ತಲೆ ಎತ್ತಿ ನೋಡಿದೆ.

ಪಂಡಾಲಿನ ಒಳಗೆ ಉದ್ದನೆಯ ಟೇಬಲ್‌ಗಳನ್ನು ಒರೆಸುತ್ತಿದ್ದರು. ಎಲೆಗಳನ್ನು ಆಗಲೇ ಎತ್ತಿದ್ದರು. ಹಿಂದೆ ಕೊಳಗ ತೊಳೆಯುವ ಸದ್ದು ಬರುತ್ತಿತ್ತು. ಕತ್ತಲಾಯಿತು. ಯಾವ ಕಾರೂ ತಿರುಗಿ ಬರಲಿಲ್ಲ.

ಮನೆಯ ಕಡೆಯಿಂದ ವಯಸ್ಸಾದ ಅಮ್ಮ ಒಬ್ಬರು ಮರೆತು ಹೋದ ಹಿತ್ತಾಳೆ ಚೊಂಬು ತಗೊಳ್ಳಲು ಬಂದರು. ಕಾರ್ಯ ಅವರ ಮನೆಯದೇ. ನನ್ನ ಟೇಬಲ್ಲಿನ ಮುಂದೆ ನಿಂತು ಮೊದಲು ಬಲ್ಬು ನೋಡಿದರು, ಆಮೇಲೆ ತುರಿ ನೋಡಿದರು.

"ಲೈಟ್ ಆರ್ಸಪ್ಪ" ಅಂದರು. "ಹುಳ ಬಿದ್ದು ಸಾಯ್ತಾವೆ."

ನೋಡಿದೆ. ಬಿಳೀ ತುರಿಯ ಮೇಲೆ ರೆಕ್ಕೆ ಹುಳಗಳು ಬಿದ್ದು ಒದ್ದಾಡುತ್ತಿದ್ದವು. ಬಲ್ಬು ಆರಿಸಿದೆ.

"ಊಟ ಎಷ್ಟೊತ್ತಿಗಮ್ಮಾರೆ?"

"ಊಟ ಆಯ್ತಲ್ಲಪ್ಪ. ಹೊತ್ತು ಮುಳುಗೋ ಮುಂಚೆ ಉಣ್ತೀವಿ ನಾವು. ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಮಂಡಿಯಲ್ಲಿ ಜೈನ ಸಾಹುಕಾರರೊಬ್ಬರು ಇದ್ದರು. ಬಿಸಿಲು ಇಳಿಯುತ್ತಿದ್ದಂತೆ ಮೂಟೆ ಅರ್ಧಕ್ಕೆ ನಿಂತರೂ ಸರಿ, ಎದ್ದು ಮನೆಗೆ ಊಟಕ್ಕೆ ಹೋಗುತ್ತಿದ್ದರು. ನಾವು ಹಮಾಲರು ಅವರನ್ನು ನೋಡಿಯೇ ಹೊತ್ತು ಹೇಳುತ್ತಿದ್ದೆವು. ಅಷ್ಟು ವರ್ಷ ದಿನಾ ಕಂಡದ್ದು ನನಗೆ ಬೇಕಾದ ದಿನ ನೆನಪಿಗೆ ಬರಲಿಲ್ಲ. ಗ್ರಾನೈಟ್, ಗ್ರಾನೈಟ್ ಅಂತ ತಲೆ ತುಂಬ ಕಲ್ಲು ತುಂಬಿಕೊಂಡಿದ್ದೆ.

ಕುರ್ಚಿಯ ಮೇಲೆ ಕೂತೆ. ಏಳಲು ಆಗಲಿಲ್ಲ. ಸೊಂಟದ ನೋವೋ ಏನೋ. ಅಮ್ಮ ಹೋಗಲಿಲ್ಲ.

"ಊಟ ಆಗಿದೆಯಾ ನಿಂದು?"

"ಹಸಿವಿಲ್ಲ ಅಮ್ಮಾರೆ."

"ನಿಂಗೆ ಕೊಡೋಣ ಅಂದ್ರೆ ಒಲೆ ಆರ್ಸಿದೀವಿ. ಬೆಳಿಗ್ಗೆ ಬಿಸಿಲು ಬಂದ್ಮೇಲೆ ಮನೆ ಹತ್ರ ಬಾ. ಸೊಸೆಯಂದ್ರು, ನೆಂಟ್ರು ಎಲ್ಲ ಇರ್ತಾರೆ. ನಾಳೆ ಅಡುಗೆಗೆ ಕಾಯಿ ಬಹಳ ಬೇಕು. ನಿನ್ ಮಿಷನ್ ಏನ್ ಮಾಡ್ತದೆ ನೋಡೋಣ."

ಅವತ್ತು ಪಂಡಾಲಿನಲ್ಲೇ ಮಲಗಿದೆ. ಬೆಳಿಗ್ಗೆ ಅವರ ಮನೆಯ ಅಡುಗೆಮನೆ ಹೊಸ್ತಿಲಲ್ಲಿ ನಿಂತು ಮೊದಲು ಕಟ್ಟೆ ನೋಡಿದೆ. ಹಳೇ ಕಾಲದ ಮನೆ. ಆ ಕಟ್ಟೆಯನ್ನು ಅವರ ಅಜ್ಜಂದಿರು ಹಾಕಿಸಿದ್ದಿರಬೇಕು. ಒಂದೇ ಉದ್ದನೆಯ ಕಲ್ಲು, ಉಳಿ ಏಟು ಇನ್ನೂ ಹಾಗೇ ಕಾಣುತ್ತಿತ್ತು. ನಮ್ಮ ಮನೆ ಕಡಪ ಅದರ ಮುಂದೆ ಕನ್ನಡಿ.

ಒಳಗೆ ಹೆಂಗಸರು ಗುಂಪಾಗಿ ಕೂತು ತರಕಾರಿ ಹೆಚ್ಚುತ್ತಿದ್ದರು. ಎಲ್ಲರೂ ನನ್ನ ಕಡೆ ತಿರುಗಿದರು.

"ಕಚ್ಚಲ್ಲ ಅಮ್ಮಾರೆ" ಅಂದೆ. "ನಿಮ್ ಕಟ್ಟೆಗೆ ಇದು ಕಚ್ಚಲ್ಲ. ನಾ ಹೋಯ್ತೀನಿ."

"ಮಾರೋಕ್ ಬಂದೋನೇ ಹಿಂಗಂತಾನಲ್ಲ" ಅಂದಳು ಒಬ್ಬ ಸೊಸೆ. "ಇಟ್ ತೋರ್ಸಿ, ನೋಡೋಣ."

ಇಟ್ಟೆ. ಹ್ಯಾಂಡಲ್ ಒಂದು ಸುತ್ತು ತಿರುಗಿತು. ಮಿಷನ್ನು ಅಡ್ಡ ಬಿತ್ತು. ಕಾಯಿ ಹೋಳು ಕೈ ತಪ್ಪಿ ನೆಲದ ಮೇಲೆ ಉರುಳಿಕೊಂಡು ಹೋಗಿ ಅವರ ನೆಂಟರೊಬ್ಬರ ಮಡಿಲಿಗೆ ಬಿತ್ತು.

"ಚಿಕ್ಕಮ್ಮ, ನಿಮ್ಗೆ ಮಡಿಲು ತುಂಬಿದ ನೋಡಿ" ಅಂದಳು ಆ ಸೊಸೆ. ಮನೆ ತುಂಬ ನಗು.

ನಾನು ಮಿಷನ್ ಡಬ್ಬಕ್ಕೆ ಹಾಕುತ್ತಿದ್ದೆ. ವಯಸ್ಸಾದ ಅಮ್ಮ ನಗಲಿಲ್ಲ. ರಬ್ಬರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಎದ್ದು ಹಿತ್ತಲಿಗೆ ಹೋದರು. ವಾಪಸ್ ಬಂದಾಗ ಕೈಯಲ್ಲಿ ಒಂದು ಬಿಳೀ ಟೈಲ್ಸ್ ಇತ್ತು. ಹೊಸದಾಗಿ ಬಚ್ಚಲ ಗೋಡೆಗೆ ಹಾಕಿಸಿದಾಗ ಮಿಕ್ಕಿದ್ದು.

"ಅತ್ತೆ, ಬಚ್ಚಲಿಂದು ಅಡುಗೆಮನೆಗೆ ತಂದ್ರಲ್ಲ" ಅಂದಳು ಸೊಸೆ.

"ಬಚ್ಚಲಿಗೆ ಹಾಕಿದ್ರೆ ಬಚ್ಚಲಿಂದು. ಹಾಕಿಲ್ವಲ್ಲ. ತೊಳೆದಿದೀನಿ" ಅಂದರು.

ಒಂದು ಒದ್ದೆ ಬಟ್ಟೆ ಮಡಿಸಿ ಕಟ್ಟೆ ಮೇಲೆ ಹಾಕಿದರು. ಅದರ ಮೇಲೆ ಟೈಲ್ಸ್. ಟೈಲ್ಸ್ ಮೇಲೆ ಮಿಷನ್. ಕಡ್ಡಿ ಒತ್ತಿದರು. ನಾನು ಹ್ಯಾಂಡಲ್ ಹಿಡಿದೆ. ತಿರುಗಿಸಿದೆ. ಅಲ್ಲಾಡಲಿಲ್ಲ. ಬಟ್ಟೆ ಕಲ್ಲನ್ನು ಹಿಡಿದಿತ್ತು, ರಬ್ಬರು ಟೈಲ್ಸನ್ನು ಹಿಡಿದಿತ್ತು. ತುರಿ ಬೀಳುತ್ತಲೇ ಇತ್ತು. ಒಂದು ಕಾಯಿ, ಇನ್ನೊಂದು ಕಾಯಿ. ಸೊಸೆ ನನ್ನನ್ನು ಸರಿಸಿ ತಾನೇ ತಿರುಗಿಸಲು ನಿಂತಳು. ಅವಳಿಂದ ಇನ್ನೊಬ್ಬಳು ಕಿತ್ತುಕೊಂಡಳು.

ಆ ದಿನದ ಅಡುಗೆಯ ಕಾಯಿಯೆಲ್ಲ ನನ್ನ ಮಿಷನ್ನಿನಲ್ಲೇ ಆಯಿತು. ಬೇರೆ ಬೇರೆ ಊರಿಂದ ಬಂದಿದ್ದ ಹೆಂಗಸರು ನೋಡಿದರು, ತಗೊಂಡರು. ತಗೊಂಡವರಿಗೆಲ್ಲ ಅಮ್ಮ ಹಿತ್ತಲಿಂದ ಒಂದೊಂದು ಟೈಲ್ಸ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಟೈಲ್ಸ್ ಮುಗಿಯಿತು. ಮುಗಿದ ಮೇಲೆ ಒಂದು ಡಬ್ಬವೂ ಹೋಗಲಿಲ್ಲ. "ಟೈಲ್ಸ್ ಕಲ್ಲಿಲ್ವಾ? ಹಂಗಾದ್ರೆ ಬೇಡ" ಅಂದರು. ಅಲ್ಲಿಗೆ ನನಗೆ ಅರ್ಥವಾಯಿತು. ಗ್ರಾನೈಟ್ ಇರುವವರನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ನುಣ್ಣನೆಯ ಜಾಗವನ್ನು ನಾನೇ ಹೊತ್ತುಕೊಂಡು ಹೋಗಬೇಕು.

ಹೊತ್ತುಕೊಂಡು. ಆ ಮಾತಿಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಹಾಸನದ ಡಾಕ್ಟರು ನೆನಪಾದರು.

ಸಂಕ್ರಾಂತಿಗೆ ಡೀಲರ್ ಬಂದರು. ಮಂಚದ ಕೆಳಗೆ ಬಗ್ಗಿ ನೋಡಿದರು. ಡಬ್ಬಗಳು ಖಾಲಿಯಾಗಿರಲಿಲ್ಲ. ಟೇಬಲ್ ಕಡೆ ಕೈ ಹಾಕಿದರು. ನನ್ನ ಹೆಂಡತಿ ನಮ್ಮ ತರಿ ಕಟ್ಟೆಯ ಮೇಲೆ ಒದ್ದೆ ಬಟ್ಟೆ, ಹಳೇಬೀಡಿನಲ್ಲಿ ತುರಿದು ತೋರಿಸಿ ನಾನು ತಂದಿದ್ದ ಆ ಮೊದಲ ಟೈಲ್ಸ್, ಮಿಷನ್ ಇಟ್ಟು ಒಂದು ಕಾಯಿ ಪೂರ್ತಿ ತುರಿದು, ಬೆಲ್ಲ ಹಾಕಿ ಅವರ ಕೈಗೆ ಕೊಟ್ಟಳು. ಅವರು ತಿನ್ನುತ್ತಾ ಮಿಷನ್ನನ್ನು ಅಲ್ಲಾಡಿಸಿ ನೋಡಿದರು.

"ಯುಗಾದಿ ತನಕ" ಅಂದರು. "ಅದಾದ್ಮೇಲೆ ನನ್ನ ಕೇಳ್ಬೇಡಿ."

ಅರಸೀಕೆರೆಯ ಟೈಲ್ಸ್ ಅಂಗಡಿಯವನು ಮೂಲೆ ಒಡೆದದ್ದು, ಬಣ್ಣ ಕೂಡದ್ದು, ಒಂಟಿ ಉಳಿದದ್ದು, ಎಲ್ಲ ಹೊರಗೆ ರಾಶಿ ಹಾಕಿರುತ್ತಾನೆ. ತಗೊಂಡು ಹೋಗು, ಜಾಗ ಖಾಲಿಯಾಗಲಿ ಅಂದ. ಮೊದಲು ನಮ್ಮೂರ ಸಂತೆಯಲ್ಲಿ ವಾಪಸ್ ತಂದುಕೊಟ್ಟವರ ಮನೆಗಳಿಗೆ ಹೋಗಿ ಮಿಷನ್ನಿನ ಜೊತೆ ಒಂದೊಂದು ಕೊಟ್ಟು ಬಂದೆ. ಕುಣಿಯುತ್ತದೆ ಅಂದಿದ್ದವಳು ಇಟ್ಟು ನೋಡಿ, "ಮುಂಚೇನೇ ಕೊಡಕ್ಕೆ ಏನಾಗಿತ್ತು ನಿಂಗೆ?" ಅಂದಳು. ಅಷ್ಟೇ ಅಂದದ್ದು. ಅವಳ ಬೀದಿಯಲ್ಲಿ ಈಗ ಓಡಾಡುತ್ತೇನೆ.

ಶಾಮಿಯಾನದವನಿಗೆ ಪ್ರತಿ ವಾರ ಫೋನ್ ಮಾಡುತ್ತೇನೆ. ಎಷ್ಟು ಜನ ಅಂತ ಕೇಳುವುದಿಲ್ಲ. ಏನು ಕಾರ್ಯ, ಊಟ ಎಷ್ಟೊತ್ತಿಗೆ, ಇವೆರಡೇ. ಅವನು ಹೇಳಿದ ಮೊದಲನೆಯ ಜಾಗ ಹುಲಿಕೆರೆ. ಅಲ್ಲೊಂದು ನಾಮಕರಣ, ಮಧ್ಯಾಹ್ನದ ಊಟ.

ಅವತ್ತು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ, ಆಟೋದವನು ಇಳಿಸಿ ಹೋದ ಟೈಲ್ಸ್ ಚೀಲದ ಮುಂದೆ ನಿಂತಿದ್ದೆ. ಗೋಣಿಚೀಲ, ಬಾಯಿ ಕಟ್ಟಿದ್ದು. ಕೊಬ್ಬರಿ ಮೂಟೆಯ ಅರ್ಧ ಗಾತ್ರವೂ ಇಲ್ಲ. ಕಾಲಲ್ಲಿ ನೂಕಿದೆ, ಸರಿಯಲಿಲ್ಲ. ಭಾರ ಎತ್ತಬೇಡ ಅಂದಿದ್ದಕ್ಕೆ ತಾನೇ ಈ ಕೆಲಸಕ್ಕೆ ಬಂದದ್ದು. ಬಗ್ಗಿ ಚೀಲದ ಎರಡು ಕಿವಿ ಹಿಡಿದೆ. ಜೊತೆಗೆ ಬಂದಿದ್ದ ಹೆಂಡತಿ ನನ್ನ ಕೈ ಮೇಲೆ ಹೊಡೆದಳು.

"ಸರೀರಿ ಆ ಕಡೆ" ಅಂದಳು. ಹೊಲಿಯುವುದಿದ್ದ ಬ್ಲೌಸುಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲವನ್ನು ಮೊಣಕಾಲಿಗೆ ತಂದು, ಅಲ್ಲಿಂದ ತೋಳಿಗೆ ತಂದು ಬಸ್ಸಿನ ಮೆಟ್ಟಿಲ ಮೇಲಿಟ್ಟಳು. ಹಮಾಲರು ಎತ್ತುವ ರೀತಿ. ನಾನು ಅವಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಕಂಡಕ್ಟರ್ ನೋಡುತ್ತಿದ್ದ. "ಏನಮ್ಮ, ಹೆಂಗ್ಸು ಕಲ್ಲು ಹೊರ್ತಾವ್ಳೆ, ಗಂಡ್ಸು ಛತ್ರಿ ಹಿಡ್ಕಂಡು ಬತ್ತಾವ್ನೆ" ಅಂದ.

"ನಂದು ಫ್ರೀ" ಅಂದಳು ಅವಳು, ಆಧಾರ್ ತೋರಿಸುತ್ತಾ. "ಅವ್ರಿಗೊಂದು, ಕಲ್ಲಿಗೊಂದು ಟಿಕೆಟ್ ಕೊಡಿ. ಮಾತಿಗೆ ಬೇಡ."

ಬಸ್ಸು ಹೊರಟಿತು. ಅವಳು ಸೀಟಿನಲ್ಲಿ ಕೂತ ಮೇಲೆ ಎಡಗೈಯನ್ನು ಬೆನ್ನ ಹಿಂದೆ ತಗೊಂಡು ಸೊಂಟ ಒತ್ತಿಕೊಂಡಳು. ನಾನು ನೋಡಿದ್ದು ಕಂಡು ಕೈ ತೆಗೆದಳು. ಯುಗಾದಿಯೊಳಗೆ ಇನ್ನೂ ಬಹಳ ಕಾರ್ಯಗಳಿವೆ. ಪ್ರತಿಯೊಂದಕ್ಕೂ ಈ ಚೀಲ ಹತ್ತಬೇಕು, ಇಳಿಯಬೇಕು. ಜಾವಗಲ್ ದಾಟುವ ತನಕ ನಾನು ಕಿಟಕಿ ಕಡೆಗೇ ಮುಖ ಮಾಡಿ ಕೂತಿದ್ದೆ.